ಥಾನಿ: ಪೈಥಾನ್ ಹೊಸಬರ ತಪ್ಪನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಎಡಿಟರ್

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರು ಮಾಡುವ ತಪ್ಪುಗಳಲ್ಲಿ ಎರಡು ಬಗೆ. ಕೆಂಪಕ್ಷರದ ಎರರ್ ಬಂದು ಪ್ರೋಗ್ರಾಮ್ ನಿಂತುಹೋಗುವುದು ಒಂದು. ಯಾವ ಎರರೂ ಬಾರದೆ ತಪ್ಪು ಉತ್ತರ ಬರುವುದು ಇನ್ನೊಂದು. ಮೊದಲನೆಯದಕ್ಕೆ ಈಗ ನೆರವು ಎಲ್ಲೆಲ್ಲೂ ಸಿಗುತ್ತದೆ, ಮೆಸೇಜನ್ನು ಕಾಪಿ ಮಾಡಿ ಹುಡುಕಿದರೆ ಸಾಕು. ಎರಡನೆಯದರಲ್ಲಿ ಹುಡುಕೋಣವೆಂದರೆ ಮೆಸೇಜೇ ಇರುವುದಿಲ್ಲ. 9 ಅವಿಭಾಜ್ಯ ಸಂಖ್ಯೆ ಎಂದು ಪ್ರೋಗ್ರಾಮ್ ಹೇಳಿಬಿಟ್ಟರೆ ಏನಂತ ಗೂಗಲ್ ಮಾಡುವುದು? ಕೋಡ್ ಬರೆದು ಓಡಿಸಲು ಬಳಸುವ ಥಾನಿ ಎಂಬ ಉಚಿತ ಎಡಿಟರ್ ಕೆಲಸಕ್ಕೆ ಬರುವುದು ಮುಖ್ಯವಾಗಿ ಇಲ್ಲೇ. ಪೈಥಾನ್ ಒಂದೊಂದು ಸಾಲನ್ನೂ, ಸಾಲಿನೊಳಗಿನ ಒಂದೊಂದು ಲೆಕ್ಕವನ್ನೂ ಹೇಗೆ ಮಾಡಿತು ಎಂದು ಅದು ತೆರೆದು ತೋರಿಸುತ್ತದೆ.

ಥಾನಿ ಹುಟ್ಟಿದ್ದು ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ. ಪೈಥಾನ್ ಪಾಠಕ್ಕೆಂದೇ ಐವರ್ ಅನ್ನಮಾ ಅದನ್ನು ಬರೆದರು. ಕೋಡ್ ಎಂಐಟಿ ಲೈಸೆನ್ಸಿನಲ್ಲಿ ಮುಕ್ತವಾಗಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರಿಗೆ ಇದರ ಪರಿಚಯ ಮೊದಲೇ ಇರುತ್ತದೆ, ಪೈಥಾನ್‌ಗೆ ಅಲ್ಲಿ ವಾಡಿಕೆಯ ಎಡಿಟರ್ ಇದೇ. ಖಾತೆ ತೆರೆಯಬೇಕಿಲ್ಲ, ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಪೂರ್ತಿ ನಡೆಯುತ್ತದೆ. ನಮ್ಮ ಪಿಯು ಕಾಲೇಜುಗಳ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ++ ಹೋಗಿ ಪೈಥಾನ್ ಬಂದಿದೆ. ಸಿಬಿಎಸ್‌ಇ 11, 12ನೇ ತರಗತಿಯಲ್ಲೂ ಪೈಥಾನ್, ವಿಟಿಯು 2022ರ ಸ್ಕೀಮಿನ ಮೊದಲ ವರ್ಷದ ವಿಷಯಗಳಲ್ಲೂ ಪೈಥಾನ್ ಪರಿಚಯ ಇದೆ. ಹಾಗಾಗಿ ಈ ಎಡಿಟರ್ ಯಾರಿಗೆ, ಎಲ್ಲಿಯವರೆಗೆ ಒದಗುತ್ತದೆ ಎಂದು ವಿವರವಾಗಿ ನೋಡುವುದು ಒಳ್ಳೆಯದು.

ಒಂದು ಮಾತು ಮೊದಲೇ. ಇಲ್ಲಿ ಕೋಡಿನ ತುಣುಕುಗಳನ್ನು ಓದುವ ಉಚ್ಚಾರದಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಇಫ್, ಫಾರ್, ಪ್ರಿಂಟ್ ಮೊದಲಾದ ಪೈಥಾನ್‌ನ ಸ್ವಂತ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ವೇರಿಯಬಲ್‌ಗಳ ಹೆಸರು ಮಾತ್ರ ಕನ್ನಡದಲ್ಲಿದ್ದರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ. ಅದರ ತೊಡಕುಗಳ ಬಗ್ಗೆ ಮುಂದೆ ಹೇಳಿದೆ.

ಯಾವ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಕು

ಇದನ್ನು ಹಲವರು ಗಮನಿಸುವುದೇ ಇಲ್ಲ. ಹೊಸಬರಿಗೆ ಅತಿ ಹೆಚ್ಚು ವ್ಯತ್ಯಾಸ ಮಾಡುವುದು ಇದೇ. ಥಾನಿಯ ಒಳಗೆ ಪೈಥಾನ್ ಸೇರಿಯೇ ಬರುತ್ತದೆ, ಬೇರೆಯಾಗಿ ಹಾಕಬೇಕಿಲ್ಲ. ವಿಂಡೋಸ್‌ಗೆ 4ನೇ ಸರಣಿಯಲ್ಲಿ ಎರಡು ಇನ್‌ಸ್ಟಾಲರ್‌ಗಳಿವೆ. ಒಂದರಲ್ಲಿ 64 ಬಿಟ್‌ನ ಪೈಥಾನ್ 3.10, ಇನ್ನೊಂದರಲ್ಲಿ 32 ಬಿಟ್‌ನ ಪೈಥಾನ್ 3.8. ಎರಡನೆಯದು ವಿಂಡೋಸ್ 7ರಲ್ಲೂ ಓಡುತ್ತದೆ. ಹಳೆಯ ಯಂತ್ರಗಳಿರುವ ಲ್ಯಾಬ್‌ಗಳಿಗೆ ಅದು ದೊಡ್ಡ ಅನುಕೂಲ. ಆದರೆ ವಿಂಡೋಸ್ 10 ಅಥವಾ 11 ಇರುವವರು ಅದನ್ನು ಹಾಕಿಕೊಳ್ಳಬಾರದು.

ಕಾರಣ ಎರರ್ ಮೆಸೇಜುಗಳು. ಇಫ್ ಸಾಲಿನ ಕೊನೆಯಲ್ಲಿ ಕೋಲನ್ ಬಿಟ್ಟರೆ 3.8 ಬರೀ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' ಎಂದು ಹೇಳಿ ಸುಮ್ಮನಾಗುತ್ತದೆ. 3.10 ಇಲ್ಲಿ ಕೋಲನ್ ಬೇಕಿತ್ತು ಎಂದೇ ಹೇಳುತ್ತದೆ. ಬ್ರಾಕೆಟ್ ಮುಚ್ಚದಿದ್ದರೆ 3.8 ಮುಂದಿನ ಸಾಲನ್ನು ಬೆರಳು ಮಾಡಿ ತೋರಿಸುತ್ತದೆ. ತಪ್ಪು 4ನೇ ಸಾಲಿನಲ್ಲಿರುತ್ತದೆ, ವಿದ್ಯಾರ್ಥಿ 5ನೇ ಸಾಲನ್ನು ಅಳಿಸಿ ಅಳಿಸಿ ಬರೆಯುತ್ತಿರುತ್ತಾರೆ. 3.10 ಆದರೆ ತೆರೆದ ಬ್ರಾಕೆಟ್ಟನ್ನೇ ತೋರಿಸಿ ಇದನ್ನು ಮುಚ್ಚಿಯೇ ಇಲ್ಲ ಎನ್ನುತ್ತದೆ. ಹೋಲಿಸಬೇಕಾದ ಕಡೆ ಒಂದೇ ಸಮಚಿಹ್ನೆ ಹಾಕಿ 'ಇಫ್ ಅಂಕ = 35:' ಎಂದು ಬರೆದರೆ 3.10 ನಿಮಗೆ ಬೇಕಿದ್ದದ್ದು == ಇರಬಹುದೇ ಎಂದು ಕೇಳುತ್ತದೆ, 3.8 ಕೇಳುವುದಿಲ್ಲ. ಮೊದಲ ಎರಡು ತಿಂಗಳ ಅರ್ಧ ಗೋಳು ಈ ಒಂದು ಆಯ್ಕೆಯಿಂದಲೇ ಕಡಿಮೆಯಾಗುತ್ತದೆ.

ಹೊಸ ಮೆಸೇಜುಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕೋಟ್ ಹಾಕದೆ ಪ್ರಿಂಟ್(ನಮಸ್ಕಾರ ಕರ್ನಾಟಕ) ಎಂದು ಬರೆದರೆ 3.10 'ಬಹುಶಃ ಕಾಮಾ ಮರೆತಿರಿ' ಎಂಬ ಸಲಹೆ ಕೊಡುತ್ತದೆ. ವಿದ್ಯಾರ್ಥಿ ಕಾಮಾ ಹಾಕುತ್ತಾರೆ, ಆಗ ನೇಮ್‌ಎರರ್ ಬರುತ್ತದೆ, ಒಂದು ತಪ್ಪು ಎರಡಾಗುತ್ತದೆ. ಮೆಸೇಜು ತೋರಿಸಿದ ಜಾಗವನ್ನು ನಂಬಿ, ಅದು ಹೇಳಿದ ಮದ್ದನ್ನು ಮಾತ್ರ ಒಮ್ಮೆ ಯೋಚಿಸಿ ಬಳಸಿ.

ಇನ್‌ಸ್ಟಾಲ್ ಮಾಡುವಾಗ 'ನನಗೆ ಮಾತ್ರ' ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಪೆನ್‌ಡ್ರೈವಿನಿಂದಲೇ ಓಡುವ ಪೋರ್ಟಬಲ್ ಆವೃತ್ತಿಯೂ ಇದೆ. ಉಬುಂಟುವಿನಲ್ಲಿ ಆಪ್ಟ್ ಮೂಲಕ ಹಾಕಿಕೊಂಡರೆ ಥಾನಿ ಸಿಸ್ಟಮ್ಮಿನ ಪೈಥಾನನ್ನೇ ಬಳಸುತ್ತದೆ. ಇತ್ತೀಚಿನ ಉಬುಂಟು, ಡೆಬಿಯನ್‌ಗಳಲ್ಲಿ ಆ ಪೈಥಾನ್‌ಗೆ ಹೊರಗಿನ ಪ್ಯಾಕೇಜ್ ಸೇರಿಸಲು ಬಿಡುವುದಿಲ್ಲ. ಆಗ ಟೂಲ್ಸ್, ಆಪ್ಷನ್ಸ್, ಇಂಟರ್‌ಪ್ರಿಟರ್ ಪುಟಕ್ಕೆ ಹೋಗಿ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ಯಾಕೇಜ್ ಸೇರಿಸಲು ಬಿಡುವ ಬೇರೆಯದೇ ಪೈಥಾನ್ ಜಾಗ, ಮಾಡಿಕೊಳ್ಳಬೇಕು. ಒಂದು ಖಾಲಿ ಫೋಲ್ಡರ್ ತೋರಿಸಿದರೆ ಉಳಿದದ್ದನ್ನು ಅದೇ ಮಾಡುತ್ತದೆ.

ಮೂರು ಕೀಲಿಗಳು

ಥಾನಿಯ ಜೀವ ಇರುವುದು ಕಂಟ್ರೋಲ್+ಎಫ್5, ಎಫ್6, ಎಫ್7 ಈ ಮೂರರಲ್ಲಿ. ಬರೀ ಎಫ್5 ಒತ್ತಿದರೆ ಪ್ರೋಗ್ರಾಮ್ ಸುಮ್ಮನೆ ಓಡುತ್ತದೆ. ಕಂಟ್ರೋಲ್+ಎಫ್5 ಒತ್ತಿದರೆ ಮೊದಲ ಸಾಲಿನ ಮುಂದೆ ನಿಂತು ಕಾಯುತ್ತದೆ. ಅಲ್ಲಿಂದ ಎಫ್6 ದೊಡ್ಡ ಹೆಜ್ಜೆ, ಬೆಳಗಿ ಕಾಣುವ ಸಾಲು, ಲೂಪ್ ಆಗಿದ್ದರೆ ಇಡೀ ಲೂಪ್, ಪೂರ್ತಿ ಮುಗಿಯುತ್ತದೆ. ಎಫ್7 ಸಣ್ಣ ಹೆಜ್ಜೆ, ಸಾಲಿನೊಳಗಿನ ಲೆಕ್ಕ ಬಿಡಿಸಿಕೊಳ್ಳುತ್ತದೆ. ಉಳಿದದ್ದನ್ನು ಒಟ್ಟಿಗೆ ಓಡಿಸಲು ಎಫ್8. ಇದಕ್ಕೆ ಮುಂಚೆ ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ಎಂಬುದಕ್ಕೆ ಟಿಕ್ ಹಾಕಿಕೊಳ್ಳಿ, ಬಲಗಡೆ ಹೆಸರು ಮತ್ತು ಬೆಲೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಆ ಪಟ್ಟಿ ಇಲ್ಲದೆ ಥಾನಿ ಬಳಸುವುದೂ ಒಂದೇ, ನೋಟ್‌ಪ್ಯಾಡ್ ಬಳಸುವುದೂ ಒಂದೇ.

ಎಫ್7 ಏನು ಮಾಡುತ್ತದೆ ಎಂಬುದನ್ನು ಮೊದಲೇ ಹೇಳಿದ ಅವಿಭಾಜ್ಯ ಸಂಖ್ಯೆಯ ಲೆಕ್ಕದಲ್ಲೇ ನೋಡೋಣ. ಪಿಯು ರೆಕಾರ್ಡ್ ಬುಕ್ಕುಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು:

ಡೆಫ್ ಅವಿಭಾಜ್ಯವೇ(ಸಂಖ್ಯೆ):
    ಫಾರ್ ಐ ಇನ್ ರೇಂಜ್(2, ಸಂಖ್ಯೆ):
        ಇಫ್ ಸಂಖ್ಯೆ % ಐ == 0:
            ರಿಟರ್ನ್ ಫಾಲ್ಸ್
        ಎಲ್ಸ್:
            ರಿಟರ್ನ್ ಟ್ರೂ

7 ಕೊಟ್ಟರೆ ಟ್ರೂ, 8 ಕೊಟ್ಟರೆ ಫಾಲ್ಸ್. ಎರಡೂ ಸರಿ. ವಿದ್ಯಾರ್ಥಿ ಖುಷಿಯಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. 9 ಕೊಟ್ಟರೆ ಟ್ರೂ, 15 ಕೊಟ್ಟರೂ ಟ್ರೂ. ಥಾನಿಯಲ್ಲಿ ಕಂಟ್ರೋಲ್+ಎಫ್5 ಒತ್ತಿ ಎಫ್7ನಿಂದ ಫಂಕ್ಷನ್ ಒಳಗೆ ಹೋದರೆ ಫಂಕ್ಷನ್‌ಗೆಂದೇ ಒಂದು ಬೇರೆ ಕಿಟಕಿ ತೆರೆಯುತ್ತದೆ. ಅದರಲ್ಲಿ ಫಂಕ್ಷನ್‌ನ ಸಾಲುಗಳು, ಅದರ ಸ್ವಂತ ವೇರಿಯಬಲ್‌ಗಳು ಮಾತ್ರ. ಇಫ್ ಸಾಲಿಗೆ ಬಂದಾಗ ತಿಳಿನೀಲಿ ಪೆಟ್ಟಿಗೆಯೊಂದು ಮೇಲೆ ಕೂರುತ್ತದೆ. 'ಸಂಖ್ಯೆ % ಐ == 0' ಎಂಬುದರಲ್ಲಿ ಸಂಖ್ಯೆ ಅಳಿದು 9 ಆಗುತ್ತದೆ, ಐ ಅಳಿದು 2 ಆಗುತ್ತದೆ, '9 % 2' ಹೋಗಿ 1 ಬರುತ್ತದೆ, '1 == 0' ಹೋಗಿ ಫಾಲ್ಸ್ ಬರುತ್ತದೆ. ಮುಂದಿನ ಹೆಜ್ಜೆಗೆ ಎಲ್ಸ್ ಕೆಳಗಿನ ರಿಟರ್ನ್ ಟ್ರೂ, ಕಿಟಕಿ ಮುಚ್ಚಿಹೋಗುತ್ತದೆ. ಐ ಎಂಬುದು 3 ಆಗಲೇ ಇಲ್ಲ. ಲೂಪ್ ಒಂದೇ ಸುತ್ತಿಗೆ ಮುಗಿದದ್ದನ್ನು ಕಣ್ಣಾರೆ ಕಂಡ ಮೇಲೆ ಪರಿಹಾರ ಹೇಳಿಕೊಡಬೇಕಾಗಿಲ್ಲ: ಎಲ್ಸ್ ತೆಗೆಯಬೇಕು, ರಿಟರ್ನ್ ಟ್ರೂ ಅನ್ನು ಲೂಪಿನ ಹೊರಗೆ, ಫಾರ್ ಇರುವ ಅಂಚಿಗೆ ತರಬೇಕು. 2ನ್ನು ಕೊಟ್ಟು ನೋಡಿದರೆ ಹಳೆಯ ಕೋಡ್ ನನ್, ಅಂದರೆ 'ಏನೂ ಇಲ್ಲ' ಎಂಬ ಬೆಲೆ, ಕೊಡುತ್ತಿತ್ತು ಎಂಬುದೂ ತಿಳಿಯುತ್ತದೆ, ಏಕೆಂದರೆ ರೇಂಜ್(2, 2) ಖಾಲಿ, ಲೂಪ್ ಒಳಗೆ ಹೋಗುವುದೇ ಇಲ್ಲ. ತಿದ್ದಿದ ಕೋಡ್‌ನಲ್ಲಿ 1 ಟ್ರೂ ಆಗಿಬಿಡುತ್ತದೆ, ಅದಕ್ಕೆ ಮೊದಲಲ್ಲೇ 'ಸಂಖ್ಯೆ < 2 ಇದ್ದರೆ ಫಾಲ್ಸ್' ಎಂಬ ಸಾಲು ಬೇಕು.

ಇದೇ ಕೆಲಸವನ್ನು ಎಐ ಚಾಟ್‌ಗೆ ಕೊಟ್ಟರೆ ಎರಡು ಸೆಕೆಂಡಿನಲ್ಲಿ ತಿದ್ದಿದ ಕೋಡ್ ಬರುತ್ತದೆ, ನಿಜ. ಆದರೆ ಮುಂದಿನ ವಾರ 'ಪಟ್ಟಿಯಲ್ಲಿ ಎಲ್ಲ ಸಂಖ್ಯೆಗಳೂ ಸಮಸಂಖ್ಯೆಗಳೇ' ಎಂದು ಪರೀಕ್ಷಿಸುವ ಫಂಕ್ಷನ್ ಬರೆಯುವಾಗ ಅದೇ ವಿದ್ಯಾರ್ಥಿ ಅದೇ ತಪ್ಪನ್ನು ಮಾಡುತ್ತಾರೆ. ಲೂಪ್ ಮೊದಲ ಸುತ್ತಿಗೇ ಹೊರಬಿದ್ದದ್ದನ್ನು ಅವರು ನೋಡಿರುವುದಿಲ್ಲವಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಚಾಟ್ ಕೂಡ ಇರುವುದಿಲ್ಲ.

ಸಣ್ಣ ಹೆಜ್ಜೆಗೆ ಸಿಕ್ಕಿಬೀಳುವ ಇನ್ನೊಂದು ತಪ್ಪು 'ಇಫ್ ಆಯ್ಕೆ == 1 ಆರ್ 2:'. ಮಾತಿನಲ್ಲಿ ಹೇಳಿದರೆ ಸರಿಯೆನಿಸುತ್ತದೆ, ಆದ್ದರಿಂದಲೇ ಎಲ್ಲರೂ ಬರೆಯುತ್ತಾರೆ. ಆಯ್ಕೆ 7 ಇದ್ದಾಗ ಎಫ್7 ಒತ್ತುತ್ತಾ ಹೋಗಿ. '7 == 1' ಫಾಲ್ಸ್ ಆಗುತ್ತದೆ, ಉಳಿಯುವುದು 'ಫಾಲ್ಸ್ ಆರ್ 2', ಅದರ ಫಲ 2. ಸೊನ್ನೆಯಲ್ಲದ ಸಂಖ್ಯೆ ಪೈಥಾನ್‌ಗೆ ಟ್ರೂ ಇದ್ದಂತೆ. ಅಂದರೆ ಈ ಇಫ್ ಯಾವತ್ತೂ ಸುಳ್ಳಾಗುವುದಿಲ್ಲ. 'ಆಯ್ಕೆ == 1 ಆರ್ ಆಯ್ಕೆ == 2' ಎಂದು ಎರಡು ಸಲ ಬರೆಯಬೇಕು, ಅಥವಾ 'ಆಯ್ಕೆ ಇನ್ (1, 2)' ಎನ್ನಬೇಕು.

ವೇರಿಯಬಲ್ ಪಟ್ಟಿಯ ಒಂದು ಜೋಡಿ ಕೋಟ್

ಇನ್‌ಪುಟ್() ಯಾವಾಗಲೂ ಕೊಡುವುದು ಪಠ್ಯವನ್ನು, ಅಂದರೆ ಸ್ಟ್ರಿಂಗ್. ಬಳಕೆದಾರ 20 ಎಂದು ಒತ್ತಿದರೂ ಸಿಗುವುದು '20'. ಇದನ್ನು ತರಗತಿಯಲ್ಲಿ ಹತ್ತು ಸಲ ಹೇಳಿದರೂ ಮರೆಯುತ್ತಾರೆ, ಏಕೆಂದರೆ ಪ್ರಿಂಟ್ ಮಾಡಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಥಾನಿಯ ವೇರಿಯಬಲ್ ಪಟ್ಟಿಯಲ್ಲಿ ಮಾತ್ರ ಸ್ಟ್ರಿಂಗ್ ಕೋಟ್ ಸಮೇತ ಕಾಣುತ್ತದೆ, ಸಂಖ್ಯೆ ಕೋಟ್ ಇಲ್ಲದೆ. ಬೇರೆ ಯಾವ ವಿವರಣೆಗಿಂತಲೂ ಆ ಎರಡು ಗೀಟುಗಳು ಬೇಗ ಅರ್ಥ ಮಾಡಿಸುತ್ತವೆ.

ಎರರ್ ಬಂದರೆ ಅದೃಷ್ಟ. 'ವಯಸ್ಸು + 1' ಎಂದರೆ ಟೈಪ್‌ಎರರ್ ಬಂದು ಎಚ್ಚರಿಸುತ್ತದೆ. ಅಪಾಯ ಇರುವುದು ಎರರ್ ಬಾರದ ಕಡೆ. ಎರಡು ಅಂಕಗಳನ್ನು ಇನ್‌ಪುಟ್ ಮಾಡಿಸಿ ಕೂಡಿಸಿದರೆ 20 ಮತ್ತು 30 ಸೇರಿ 2030 ಆಗುತ್ತದೆ. 5ನ್ನು ಮೂರರಿಂದ ಗುಣಿಸಿದರೆ 555. 9 ಮತ್ತು 10ರಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ 9 ಎನ್ನುತ್ತದೆ, ಸ್ಟ್ರಿಂಗ್‌ಗಳನ್ನು ನಿಘಂಟಿನ ಕ್ರಮದಲ್ಲಿ ಮೊದಲ ಅಕ್ಷರದಿಂದ ಹೋಲಿಸುವುದರಿಂದ. ಈ ಕೊನೆಯದು 35, 62, 78 ಮುಂತಾದ ಎರಡಂಕಿಯ ಸಂಖ್ಯೆಗಳಲ್ಲಿ ಸರಿಯಾಗೇ ನಡೆದು, ಯಾರೋ 100 ತೆಗೆದುಕೊಂಡಾಗ ಕೈಕೊಡುತ್ತದೆ. ಪರಿಹಾರ, ಓದಿದ ಕೂಡಲೇ ಇಂಟ್(ಇನ್‌ಪುಟ್()) ಎಂದು ಬದಲಿಸುವುದು. ದಶಮಾಂಶ ಬರಬಹುದಾದರೆ ಫ್ಲೋಟ್.

ಪ್ರೋಗ್ರಾಮ್ ಮುಗಿದ ಮೇಲೂ ಥಾನಿಯ ಶೆಲ್, ಅಂದರೆ ಉತ್ತರಗಳು ಕಾಣುವ ಕೆಳಗಿನ ಕಿಟಕಿ, ಆ ವೇರಿಯಬಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಕೆಳಗಿನ ಶೆಲ್‌ನಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಬೆಲೆ ಬರುತ್ತದೆ. ಎರರ್ ಬಂದಾಗ ಶೆಲ್‌ನಲ್ಲಿ ಕಾಣುವ ಸಾಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿದರೆ ಎಡಿಟರ್ ನೇರವಾಗಿ ಆ ಸಾಲಿಗೆ ಹೋಗುತ್ತದೆ. ಹೊಸಬರು ತಡಕಾಡುವ ಇನ್ನೊಂದು ಸಂದರ್ಭ: ಎಫ್5 ಒತ್ತಿದ ಮೇಲೆ ಏನೂ ಆಗಲಿಲ್ಲ ಎಂದು ಮತ್ತೆ ಮತ್ತೆ ಎಫ್5 ಒತ್ತುವುದು. ಸಾಮಾನ್ಯವಾಗಿ ಪ್ರೋಗ್ರಾಮ್ ಇನ್‌ಪುಟ್‌ಗೆ ಕಾಯುತ್ತಿರುತ್ತದೆ, ಶೆಲ್ ಮೇಲೆ ಕ್ಲಿಕ್ ಮಾಡಿ ಉತ್ತರ ಟೈಪ್ ಮಾಡಬೇಕು, ಅಷ್ಟೆ. ಇನ್‌ಪುಟ್("ಅಂಕ ಎಷ್ಟು? ") ಎಂದು ಪ್ರಶ್ನೆ ಸೇರಿಸುವ ಅಭ್ಯಾಸ ಮಾಡಿಸಿದರೆ ಈ ಗೊಂದಲವೇ ಇರುವುದಿಲ್ಲ. ಪ್ರೋಗ್ರಾಮ್ ನಿಜವಾಗಿಯೂ ಸಿಕ್ಕಿಕೊಂಡಿದ್ದರೆ, ವೈಲ್ ಲೂಪಿನಲ್ಲಿ 'ಐ = ಐ + 1' ಬರೆಯುವುದು ಮರೆತಿದ್ದರೆ, ಕಂಟ್ರೋಲ್+ಸಿ ಅಥವಾ ಕೆಂಪು ಸ್ಟಾಪ್ ಬಟನ್. ಆಮೇಲೆ ಎಫ್7ನಿಂದ ಲೂಪಿನೊಳಗೆ ನಾಲ್ಕು ಸುತ್ತು ಹೋಗಿ, ಪಟ್ಟಿಯಲ್ಲಿ ಐ ಬೆಲೆ ಅಲುಗದೆ ಕೂತಿರುವುದು ಕಾಣುತ್ತದೆ.

ಪಟ್ಟಿಗಳ ವಿಷಯದಲ್ಲೂ ಹೆಜ್ಜೆ ಹಾಕಿ ನೋಡುವುದು ತುಂಬಾ ಕೆಲಸಕ್ಕೆ ಬರುತ್ತದೆ. [2, 4, 6, 7] ಎಂಬ ಲಿಸ್ಟ್‌ನಲ್ಲಿ ಫಾರ್ ಲೂಪ್ ಹಾಕಿ ಸಮಸಂಖ್ಯೆಗಳನ್ನೆಲ್ಲ ರಿಮೂವ್ ಮಾಡಿದರೆ ಉಳಿಯಬೇಕಾದದ್ದು [7], ಉಳಿಯುವುದು [4, 7]. ಮೊದಲ ಸುತ್ತಿನಲ್ಲಿ 2 ಹೋದ ಕೂಡಲೇ 4 ಹಿಂದಕ್ಕೆ ಸರಿದು ಅದರ ಜಾಗಕ್ಕೆ ಬರುತ್ತದೆ, ಲೂಪ್ ಮಾತ್ರ ಮುಂದಿನ ಜಾಗಕ್ಕೆ ಹೋಗಿ 6ನ್ನು ನೋಡುತ್ತದೆ. ಎಫ್7 ಒತ್ತುತ್ತಾ ವೇರಿಯಬಲ್ ಪಟ್ಟಿ ನೋಡಿದರೆ ಈ ಸರಿದಾಟ ಸ್ಪಷ್ಟವಾಗಿ ಕಾಣುತ್ತದೆ. ಉಳಿಸಿಕೊಳ್ಳಬೇಕಾದವನ್ನು ಹೊಸ ಲಿಸ್ಟ್‌ಗೆ ಸೇರಿಸುತ್ತಾ ಹೋಗುವುದು ಸರಿಯಾದ ದಾರಿ. ಹಾಗೆಯೇ 'ಅಂಕಗಳು = ಅಂಕಗಳು.ಸಾರ್ಟ್()' ಎಂದು ಬರೆದ ಮರುಕ್ಷಣ ಪಟ್ಟಿಯಲ್ಲಿ ಅಂಕಗಳು ನನ್ ಆಗಿಬಿಡುತ್ತದೆ. ಸಾರ್ಟ್ ಇದ್ದ ಲಿಸ್ಟನ್ನೇ ಜೋಡಿಸುತ್ತದೆ, ಏನನ್ನೂ ವಾಪಸ್ ಕೊಡುವುದಿಲ್ಲ. ಎಡಗಡೆಯ ಹೆಸರು ಮತ್ತು ಸಮಚಿಹ್ನೆ ತೆಗೆದರೆ ಸಾಕು.

'ಬಿ = ಎ' ಎಂದು ಬರೆದು ಲಿಸ್ಟಿನ ನಕಲು ಆಯಿತು ಎಂದುಕೊಳ್ಳುವವರಿಗೆ ವ್ಯೂ ಮೆನುವಿನ ಹೀಪ್ ತೋರಿಸಿ. ಅದನ್ನು ತೆರೆದರೆ ಹೆಸರುಗಳ ಮುಂದೆ ಬೆಲೆಯ ಬದಲು ವಿಳಾಸ ಬರುತ್ತದೆ. ಎ ಮತ್ತು ಬಿ ಎರಡಕ್ಕೂ ಒಂದೇ ವಿಳಾಸ, ಆದ್ದರಿಂದ ಬಿಗೆ ಸೇರಿಸಿದ್ದು ಎಯಲ್ಲೂ ಕಾಣುತ್ತದೆ. ಎ.ಕಾಪಿ() ಬಳಸಿದರೆ ವಿಳಾಸ ಬೇರೆಯಾಗುತ್ತದೆ. ಆದರೆ ಹೀಪ್ ಅನ್ನು ಮೊದಲ ದಿನವೇ ತೆರೆದಿಡಬೇಡಿ. ಲಿಸ್ಟ್ ಪಾಠ ಮುಗಿಯುವವರೆಗೆ ಆ ವಿಳಾಸಗಳು ಬರೀ ಹೆದರಿಕೆ ಹುಟ್ಟಿಸುತ್ತವೆ.

ಬಣ್ಣ, ಅಂಚು, ಕಾಪಿ ಪೇಸ್ಟ್

ಮುಚ್ಚದ ಕೋಟ್, ಮುಚ್ಚದ ಬ್ರಾಕೆಟ್‌ಗಳನ್ನು ಥಾನಿ ಟೈಪ್ ಮಾಡುತ್ತಿರುವಾಗಲೇ ಹಿನ್ನೆಲೆಯ ಬಣ್ಣ ಬದಲಿಸಿ ತೋರಿಸುತ್ತದೆ. ಓಡಿಸುವವರೆಗೆ ಕಾಯಬೇಕಿಲ್ಲ. ಟ್ಯಾಬ್ ಕೀಲಿ ಒತ್ತಿದರೆ ನಾಲ್ಕು ಸ್ಪೇಸ್ ಹಾಕುತ್ತದೆ, ಹಾಗಾಗಿ ಟ್ಯಾಬ್ ಮತ್ತು ಸ್ಪೇಸ್ ಬೆರೆತು ಬರುವ ಟ್ಯಾಬ್‌ಎರರ್ ಇಲ್ಲಿ ಬರೆದ ಕೋಡ್‌ನಲ್ಲಿ ಬರುವುದಿಲ್ಲ.

ಬರುವುದು ಹೊರಗಿನಿಂದ ತಂದ ಕೋಡ್‌ನಲ್ಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿದ ಪ್ರೋಗ್ರಾಮ್, ವರ್ಡ್ ಫೈಲಿನ ನೋಟ್ಸ್, ಪಿಡಿಎಫ್, ಇವುಗಳಿಂದ ಅಂಟಿಸಿದಾಗ ನೇರ ಕೋಟ್ ಹೋಗಿ ಬಾಗಿದ ಕೋಟ್ ಬಂದಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಮಾತ್ರ ಯು+201ಸಿ ಎಂಬ ಸಂಕೇತ ಹೇಳಿ ಇದು ಸಲ್ಲದ ಅಕ್ಷರ ಎನ್ನುತ್ತದೆ. ಯು+00ಎ0 ಎಂದು ಬಂದರೆ ಅದು ಸ್ಪೇಸಿನಂತೆ ಕಾಣುವ, ಸ್ಪೇಸ್ ಅಲ್ಲದ ಅಕ್ಷರ. ಎರಡಕ್ಕೂ ಮದ್ದು ಒಂದೇ: ತಪ್ಪಿರುವ ಅಕ್ಷರವನ್ನು ಅಳಿಸಿ ಕೈಯಾರೆ ಮತ್ತೆ ಟೈಪ್ ಮಾಡುವುದು. ಹತ್ತಾರು ಕಡೆ ಇದ್ದರೆ ಎಡಿಟ್ ಮೆನುವಿನ ಫೈಂಡ್ ಅಂಡ್ ರಿಪ್ಲೇಸ್ ಬಳಸಿ. ಟ್ಯಾಬ್ ಎಲ್ಲಿದೆ ಎಂದು ಕಾಣಬೇಕಿದ್ದರೆ ಆಪ್ಷನ್ಸ್‌ನ ಎಡಿಟರ್ ಪುಟದಲ್ಲಿ ಟ್ಯಾಬ್ ಅಕ್ಷರಗಳನ್ನು ಎತ್ತಿ ತೋರಿಸುವ ಆಯ್ಕೆ ಇದೆ. ಅದೇ ಪುಟದಲ್ಲಿ ಒಂದೇ ಹೆಸರು ಬಂದ ಕಡೆಗಳನ್ನೆಲ್ಲ ಎತ್ತಿ ತೋರಿಸುವ ಆಯ್ಕೆಗೂ ಟಿಕ್ ಹಾಕಿ. ಕರ್ಸರನ್ನು ಒಂದು ಹೆಸರಿನ ಮೇಲಿಟ್ಟಾಗ ಅದರ ಜೊತೆಗಾರರು ಬೆಳಗದಿದ್ದರೆ ಕಾಗುಣಿತ ತಪ್ಪಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮವಾದ ಸಹಾಯವಿದೆ. ಚಿತ್ರ ಬಿಡಿಸುವ ಟರ್ಟಲ್ ಲೈಬ್ರರಿಯ ಪಾಠದ ದಿನ ಅರ್ಧ ತರಗತಿ ಫೈಲಿಗೂ ಟರ್ಟಲ್ ಎಂದೇ ಹೆಸರಿಡುತ್ತದೆ. ಆಗ ಪ್ರೋಗ್ರಾಮ್ ಲೈಬ್ರರಿಯನ್ನು ತರುವ ಬದಲು ತನ್ನನ್ನೇ ತರಲು ಹೋಗಿ ವಿಚಿತ್ರವಾದ ಆಟ್ರಿಬ್ಯೂಟ್‌ಎರರ್ ಕೊಡುತ್ತದೆ. ರ‍್ಯಾಂಡಮ್ ಕೂಡ ಹೀಗೆಯೇ. ಲೈಬ್ರರಿಯ ಹೆಸರಿನಲ್ಲಿ ಸೇವ್ ಮಾಡಲು ಹೋದರೆ ಥಾನಿ ತಡೆದು ಎಚ್ಚರಿಸುತ್ತದೆ. ಆ ಡಬ್ಬಿಯನ್ನು ಓದದೆ ಯೆಸ್ ಒತ್ತಬೇಡಿ.

ಅಸಿಸ್ಟೆಂಟ್ ಎಷ್ಟು ಒಳ್ಳೆಯದು?

ಎರರ್ ಬಂದಾಗ ಬಲಗಡೆ ಅಸಿಸ್ಟೆಂಟ್ ಎಂಬ ಕಿಟಕಿ ತಾನಾಗಿ ತೆರೆಯುತ್ತದೆ. ನೇಮ್‌ಎರರ್ ವಿಷಯದಲ್ಲಿ ಅದು ನಿಜಕ್ಕೂ ಚೆನ್ನಾಗಿದೆ. ಹೆಸರಿನ ಕಾಗುಣಿತ ತಪ್ಪಿತೇ, ಕೋಟ್ ಬಿಟ್ಟಿರೇ, ಇಂಪೋರ್ಟ್ ಮರೆತಿರೇ ಎಂದು ಒಂದೊಂದಾಗಿ ಕೇಳುತ್ತದೆ. ಉಪನ್ಯಾಸಕರು ಪಕ್ಕದಲ್ಲಿ ನಿಂತು ಕೇಳುವ ಪ್ರಶ್ನೆಗಳೇ ಅವು. ಉಳಿದ ಎರರ್‌ಗಳಲ್ಲಿ ಅದರ ನೆರವು ಅಷ್ಟು ಗಟ್ಟಿಯಲ್ಲ, ಕೆಲವು ಕಡೆ ಸಾಮಾನ್ಯ ಮಾತುಗಳಷ್ಟೇ ಬರುತ್ತವೆ.

ಅಸಿಸ್ಟೆಂಟ್ ಒಳಗೆ ಪೈಲಿಂಟ್, ಮೈಪೈ ಎಂಬ ಎರಡು ಪರೀಕ್ಷಕಗಳು ಕೆಲಸ ಮಾಡುತ್ತವೆ. ಸಾರ್ಟ್ ಮುಂದೆ ಬ್ರಾಕೆಟ್ ಬಿಟ್ಟಂಥ, ಎರರೂ ಬಾರದ ಕೆಲಸವೂ ಆಗದ ಸಾಲುಗಳನ್ನು ಪೈಲಿಂಟ್ ಹಿಡಿಯುತ್ತದೆ. ಆದರೆ ಅವು ಅನುಭವಿಗಳಿಗೆಂದು ಮಾಡಿದ ಸಲಕರಣೆಗಳು. ಸರಿಯಾಗಿರುವ ಕೋಡ್ ಮೇಲೂ ಒಮ್ಮೊಮ್ಮೆ ಎಚ್ಚರಿಕೆ ಕೊಟ್ಟು ವಿದ್ಯಾರ್ಥಿಯನ್ನು ಅಡ್ಡದಾರಿಗೆ ಎಳೆಯುತ್ತವೆ. ನಮ್ಮ ಸಲಹೆ: ಆಪ್ಷನ್ಸ್‌ನ ಅಸಿಸ್ಟೆಂಟ್ ಪುಟದಲ್ಲಿ ಮೈಪೈ ಪರೀಕ್ಷೆಯ ಟಿಕ್ ತೆಗೆದುಬಿಡಿ, ಪೈಲಿಂಟ್ ಇರಲಿ. ಗೊಂದಲ ಮಾಡುವ ನಿರ್ದಿಷ್ಟ ಎಚ್ಚರಿಕೆಗಳನ್ನು ಅದೇ ಪುಟದಲ್ಲಿ ಸಾಲಿಗೊಂದರಂತೆ ಬರೆದು ನಿಲ್ಲಿಸಬಹುದು.

ಕನ್ನಡದಲ್ಲಿ ಬರೆಯುವವರಿಗೆ

ಅಂಕ, ಮೊತ್ತ, ವಯಸ್ಸು ಎಂಬ ಹೆಸರುಗಳಿಂದ ಪ್ರೋಗ್ರಾಮ್ ಬರೆದರೆ ಪೈಥಾನ್ ತಕರಾರಿಲ್ಲದೆ ಓಡಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಯಾವ ಪದ ಪೈಥಾನ್‌ನದು, ಯಾವುದು ತಾನಿಟ್ಟ ಹೆಸರು ಎಂಬುದು ಇದರಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಮೊದಲ ವಾರಗಳಿಗೆ ಇದು ಬಹಳ ಒಳ್ಳೆಯ ದಾರಿ. ಒಂದು ಎಚ್ಚರಿಕೆ ಮಾತ್ರ ಬೇಕು. ಒತ್ತಕ್ಷರ ಆಗದಂತೆ ಅರ್ಧಾಕ್ಷರವನ್ನು ಬಿಡಿಸಿ ಬರೆಯುವ ಪದಗಳಲ್ಲಿ, 'ಮಾರ್ಕ್ಸ್‌ಕಾರ್ಡ್' ಎಂಬಂಥವುಗಳಲ್ಲಿ, ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತದೆ. ಅದರ ಸಂಕೇತ ಯು+200ಸಿ. ವೇರಿಯಬಲ್ ಹೆಸರಿನೊಳಗೆ ಅದಿದ್ದರೆ ಪೈಥಾನ್ ಒಪ್ಪುವುದಿಲ್ಲ. ಕೋಟ್ ಒಳಗಿನ ಪಠ್ಯದಲ್ಲಿ ಇದ್ದರೆ ತೊಂದರೆಯಿಲ್ಲ.

ಕನ್ನಡ ಅಂಕಿಗಳದು ಇನ್ನೂ ಸ್ವಾರಸ್ಯ. ಇಂಟ್("೨೫") ಎಂದರೆ 25 ಸಿಗುತ್ತದೆ. ಬಳಕೆದಾರ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ ಪ್ರೋಗ್ರಾಮ್ ನಡೆಯುತ್ತದೆ ಎಂದಾಯಿತು. ಆದರೆ ಕೋಡ್‌ನಲ್ಲಿ ನೇರವಾಗಿ 'ವಯಸ್ಸು = ೨೫' ಎಂದು ಬರೆದರೆ ಸಿಂಟ್ಯಾಕ್ಸ್ ಎರರ್. ಇನ್ನು ಲೆನ್("ಕನ್ನಡ") 3 ಕೊಡಬೇಕು ಎಂದುಕೊಂಡವರಿಗೆ 5 ಬರುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಮ್ ಕನ್ನಡ ಪದಕ್ಕೆ ಎಡವಟ್ಟಾಗುವುದೂ ಇದರಿಂದಲೇ, ಬರೆದವರ ತಪ್ಪಲ್ಲ.

ಥಾನಿಯ ದೊಡ್ಡ ಕೊರತೆಯೊಂದು ಇಲ್ಲೇ ಎದುರಾಗುತ್ತದೆ. ಅದರ ಪರದೆ ಟಿಕೆ ಎಂಬ ಹಳೆಯ ಸಲಕರಣೆಯಿಂದ ಕಟ್ಟಿದ್ದು. ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಕರ್ಸರ್ ಮಾತ್ರ ಒತ್ತಕ್ಷರಗಳ ನಡುವೆ ತುಸು ತಡವರಿಸುತ್ತದೆ. ಲಿನಕ್ಸ್‌ನಲ್ಲಿ ಒತ್ತಕ್ಷರ, ಗುಣಿತಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಫೈಲ್ ಕೆಟ್ಟಿರುವುದಿಲ್ಲ, ಬೇರೆ ಎಡಿಟರ್‌ನಲ್ಲಿ ತೆರೆದರೆ ಸರಿಯಾಗೇ ಇರುತ್ತದೆ. ಆದರೂ ಉಬುಂಟು ಲ್ಯಾಬ್‌ಗಳಲ್ಲಿ ಕನ್ನಡ ಹೆಸರುಗಳಿಂದ ಕಲಿಸಬೇಕೆಂದರೆ ಇದು ನಿಜವಾದ ಅಡ್ಡಿ.

ಉಳಿದ ಕೊರತೆಗಳು

ಹೆಜ್ಜೆ ಹೆಜ್ಜೆಯ ಓಟ ನಿಧಾನ. ಒಂದೊಂದು ಲೆಕ್ಕವನ್ನೂ ದಾಖಲಿಸಿಕೊಳ್ಳುವುದರಿಂದ ಲಕ್ಷ ಸುತ್ತಿನ ಲೂಪ್ ಇದ್ದರೆ ತೆವಳುತ್ತದೆ. ತಪ್ಪು ಹುಡುಕುವಾಗ 10,000ದ ಬದಲು 10 ಕೊಟ್ಟು ನೋಡಿ, ಹೆಚ್ಚಿನ ತಪ್ಪುಗಳು ಅಷ್ಟರಲ್ಲೇ ಕಾಣುತ್ತವೆ. ಆಗದಿದ್ದರೆ ಸಾಲಿನ ಸಂಖ್ಯೆಯ ಬಳಿ ಎರಡು ಸಲ ಕ್ಲಿಕ್ ಮಾಡಿ ಬ್ರೇಕ್‌ಪಾಯಿಂಟ್ ಇಡಿ, ಓಟ ಅಲ್ಲಿಗೆ ಬಂದು ನಿಲ್ಲುತ್ತದೆ.

ಟೂಲ್ಸ್ ಮೆನುವಿನ ಮ್ಯಾನೇಜ್ ಪ್ಯಾಕೇಜಸ್‌ನಿಂದ ನಂಪೈ, ಪಾಂಡಾಸ್ ಎಂಬ ಲೆಕ್ಕದ ಲೈಬ್ರರಿಗಳನ್ನು ಹಾಕಿಕೊಳ್ಳುವುದು ಸುಲಭ. ಆದರೆ ಅವು ಸೇರುವುದು ಥಾನಿಯೊಳಗಿನ ಪೈಥಾನ್‌ಗೆ. ಅದೇ ಪ್ರೋಗ್ರಾಮನ್ನು ಕಮಾಂಡ್ ಪ್ರಾಂಪ್ಟಿನಿಂದ ಬೇರೆ ಪೈಥಾನ್‌ನಲ್ಲಿ ಓಡಿಸಿದರೆ ಮಾಡ್ಯೂಲ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಹಾಕಿದ್ದು ಹಾಳಾಯಿತೆಂದು ಗಾಬರಿ ಬೇಡ, ಎರಡು ಬೇರೆ ಬೇರೆ ಪೈಥಾನ್‌ಗಳಿವೆ ಅಷ್ಟೆ. 3.8ರ ಇನ್‌ಸ್ಟಾಲರ್ ಹಾಕಿದವರಿಗೆ ಈ ಎರಡೂ ಪ್ಯಾಕೇಜುಗಳ ಹೊಸ ಆವೃತ್ತಿಗಳು ಸಿಗುವುದಿಲ್ಲ.

ಬೇರೆ ಆಯ್ಕೆಗಳೇನು? ಪೈಥಾನ್ ಟ್ಯೂಟರ್ ಎಂಬ ಜಾಲತಾಣವನ್ನು ಫಿಲಿಪ್ ಗುವೋ 2010ರಲ್ಲಿ ಶುರುಮಾಡಿದರು. ಲಿಸ್ಟ್ ಒಳಗೆ ಲಿಸ್ಟ್, ಒಂದೇ ವಸ್ತುವಿಗೆ ಎರಡು ಹೆಸರು ಇಂಥವನ್ನು ಬಾಣದ ಗುರುತಿನ ಚಿತ್ರದಲ್ಲಿ ತೋರಿಸುವುದರಲ್ಲಿ ಅದು ಥಾನಿಯ ಹೀಪ್‌ಗಿಂತ ಮೇಲು, ಹಿಂದಕ್ಕೂ ಹೆಜ್ಜೆ ಹಾಕಬಹುದು. ಆದರೆ ನೆಟ್ ಬೇಕು, ಚಿಕ್ಕ ಕೋಡ್‌ಗಷ್ಟೇ ಸರಿ. ಪೈಥಾನ್ ಜೊತೆಗೇ ಬರುವ ಐಡಲ್‌ನಲ್ಲೂ ಡೀಬಗರ್ ಇದೆ, ಸಾಲಿನೊಳಗಿನ ಲೆಕ್ಕ ಮಾತ್ರ ಬಿಡಿಸುವುದಿಲ್ಲ. ವಿಎಸ್ ಕೋಡ್ ಎಂಬ ಎಡಿಟರ್ ಸಮರ್ಥವಾದದ್ದು, ಆದರೆ ಎಕ್ಸ್‌ಟೆನ್ಷನ್ ಹಾಕುವುದು, ಇಂಟರ್‌ಪ್ರಿಟರ್ ಆರಿಸುವುದು, ಫೋಲ್ಡರ್ ತೆರೆಯುವುದು ಇದರಲ್ಲೇ ಹೊಸಬರ ಮೊದಲ ತರಗತಿ ಕಳೆದುಹೋಗುತ್ತದೆ. ಸಿ ಕಲಿಯುವವರಿಗೆ ಥಾನಿ ಸಲ್ಲದು. ಅವರು ಜಿಸಿಸಿ ಕಂಪೈಲರಿಗೆ ವಾಲ್ ಎಂಬ ಎಚ್ಚರಿಕೆಯ ಆಯ್ಕೆ ಸೇರಿಸಿ ಕಂಪೈಲ್ ಮಾಡಿದರೆ ಸ್ಕ್ಯಾನ್ಎಫ್‌ನಲ್ಲಿ & ಮರೆತದ್ದಾದರೂ ಸಿಕ್ಕಿಬೀಳುತ್ತದೆ.

ಪ್ರೋಗ್ರಾಮ್ ನಾಲ್ಕೈದು ಫೈಲಿಗೆ ಹರಡಿದಾಗ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವ ಕಾಲ ಬಂದಾಗ ವಿಎಸ್ ಕೋಡ್‌ಗೆ ಹೋಗುವುದು ಸರಿ. ಅಲ್ಲಿಯವರೆಗೆ ಥಾನಿಯಲ್ಲೇ ಇದ್ದು, ಇನ್ನೂ ಒಳ್ಳೆಯ ಎರರ್ ಮೆಸೇಜು ಬೇಕೆನಿಸಿದರೆ ಹೊಸ ಪೈಥಾನನ್ನು ಬೇರೆಯಾಗಿ ಇಳಿಸಿಕೊಂಡು ಇಂಟರ್‌ಪ್ರಿಟರ್ ಪುಟದಲ್ಲಿ ಅದರ ಜಾಗ ತೋರಿಸಿ. 3.12ರಿಂದ ಮ್ಯಾಥ್ ಇಂಪೋರ್ಟ್ ಮಾಡದೆ ಬಳಸಿದರೆ ಇಂಪೋರ್ಟ್ ಮರೆತಿರೇ ಎಂದು ಪೈಥಾನೇ ಕೇಳುತ್ತದೆ. 3.13 ಆದರೆ ಲೈಬ್ರರಿಯ ಹೆಸರನ್ನೇ ಫೈಲಿಗೆ ಇಟ್ಟದ್ದನ್ನೂ ಗುರುತಿಸಿ ಹೆಸರು ಬದಲಿಸಲು ಹೇಳುತ್ತದೆ. ಥಾನಿ ತೀರಾ ಹಳೆಯದಾಗಿದ್ದರೆ ಹೊಸ ಪೈಥಾನ್ ಜೊತೆ ಹೊಂದಿಕೊಳ್ಳದೆ ಹೋಗಬಹುದು, ಆದ್ದರಿಂದ ಮೊದಲು ಥಾನಿಯನ್ನು ಹೊಸದು ಮಾಡಿಕೊಂಡು ಆಮೇಲೆ ಇದನ್ನು ಮಾಡಿ.